ನೀರಿನ ಮುಳ್ಳನ್ನೊಂದೇ ನಂಬಬೇಡ ತಮ್ಮಾ

ತಮ್ಮಾ, ಮೊನ್ನೆ ಗಂಗಾವತಿಯಲ್ಲಿ ರೈಸ್ ಮಿಲ್ ಮುಂದೆ ಚಹಾ ಕುಡಿಯುವಾಗ ನೀನು ಕೇಳಿದ ಮಾತು ಇನ್ನೂ ತಲೆಯಲ್ಲೇ ಇದೆ. "ಕಾಕಾ, ಗಾಡಿಗೆ ಆಯಿಲ್ ಟೆಂಪರೇಚರ್ ಮೀಟರ್ ಹಾಕಸಬೇಕಂತ ಮಾಡೀನಿ. ಹೀಟ್ ಮೀಟರ್ ಐತಲ್ಲ, ಮತ್ತೊಂದು ಯಾಕ ಬೇಕು, ರೊಕ್ಕ ಹೆಚ್ಚಾಗ್ಯಾವೇನು ಅಂತಾರ ಎಲ್ಲಾರೂ" ಅಂದೆ. ಅಷ್ಟರಲ್ಲಿ ಹಮಾಲರು ಲೋಡ್ ಮುಗಿಸಿ ಕೂಗಿದರು, ನೀನು ತಾಡಪತ್ರಿ ಕಟ್ಟಲು ಓಡಿದೆ. ಉತ್ತರ ಹೇಳುವುದು ಉಳಿದುಹೋಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಹಾಕಿಸು. ಆದರೆ ಎಂಥದ್ದು ಹಾಕಿಸಬೇಕು, ಎಲ್ಲಿ ಕೂರಿಸಬೇಕು, ಕೂರಿಸಿದ ಮೇಲೆ ಅದರ ಮಾತು ಹೇಗೆ ಓದಬೇಕು ಅನ್ನುವುದನ್ನು ತಿಳಿದುಕೊಂಡು ಹಾಕಿಸು. ತಪ್ಪಾಗಿ ಕೂರಿಸಿದ ಮೀಟರಿಗಿಂತ ಮೀಟರ್ ಇಲ್ಲದಿರುವುದೇ ಮೇಲು.

ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯ ತಾಲ್ಲೂಕಾಗಿದ್ದಾಗ ನಾನು ಕ್ಲೀನರ್ ಆಗಿ ಗಾಡಿ ಹತ್ತಿದವನು. ಆಗಿನ ಲಾರಿಗಳನ್ನು ನಮ್ಮ ಕಡೆ ಬೆಂಜ್ ಅಂತಲೇ ಕರೆಯುತ್ತಿದ್ದೆವು. ಟಾಟಾದವರು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯ ಜೊತೆ ಕೂಡಿ ಜಮ್ಷೆಡ್‌ಪುರದಲ್ಲಿ ಲಾರಿ ಕಟ್ಟಲು ಶುರುಮಾಡಿದ್ದರು. 1969ಕ್ಕೆ ಆ ಒಪ್ಪಂದ ಮುಗಿದರೂ ಬಾಯಿಗೆ ಹತ್ತಿದ ಹೆಸರು ಬದಲಾಗಲಿಲ್ಲ. ಆ ಎಂಜಿನ್ನಿಗೆ ಟರ್ಬೊ ಇರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ನೀರಿನ ಬಿಸಿಗೊಂದು ಮುಳ್ಳು, ಅದೇ ಹೀಟ್ ಮೀಟರ್, ಆಯಿಲ್ ಪ್ರೆಶರಿಗೊಂದು ಮುಳ್ಳು, ಅಷ್ಟರಲ್ಲೇ ದಂಧೆ ನಡೆಯಿತು. ಏರು ಬಂದರೆ ಗಾಡಿ ಎತ್ತಿನ ಹೆಜ್ಜೆಯಲ್ಲಿ ಹತ್ತುತ್ತಿತ್ತು; ಎಂಜಿನ್ ಕೊಡುವ ಶಕ್ತಿಯೂ ಕಡಿಮೆ, ಎಣ್ಣೆಯ ಮೇಲೆ ಬೀಳುವ ಭಾರವೂ ಕಡಿಮೆ. ಈಗ ಹೆಚ್ಚುಕಡಿಮೆ ಅಷ್ಟೇ ಗಾತ್ರದ ಎಂಜಿನ್ನಿಗೆ ಟರ್ಬೊ ಕೂರಿಸಿ ಬಹಳ ಹೆಚ್ಚು ಶಕ್ತಿ ತೆಗೆಯುತ್ತಾರೆ. ಆ ಟರ್ಬೊದ ಶಾಫ್ಟು ನಿಮಿಷಕ್ಕೆ ಲಕ್ಷದ ಆಸುಪಾಸು ಸುತ್ತು ತಿರುಗುತ್ತದೆ, ಒಂದು ಕಡೆ ಕೆಂಪಗೆ ಕಾಯುವ ಹೊಗೆಯ ಗಾಳಿ. ಅದನ್ನು ತಂಪಾಗಿ ಇಡುವುದು ಎಣ್ಣೆ. ಪಿಸ್ಟನ್ನಿನ ಹೊಟ್ಟೆಗೆ ಕೆಳಗಿನಿಂದ ಚಿಲುಮೆಯಂತೆ ಹೊಡೆದು ಅದರ ಬಿಸಿ ಹೊತ್ತು ತರುವುದೂ ಎಣ್ಣೆ. ನೀರು ಹೋಗಲಾಗದ ಜಾಗಕ್ಕೆಲ್ಲ ಹೋಗಿ ಬರುವುದು ಅದೊಂದೇ. ಅದರ ಬಿಸಿ ಎಷ್ಟಾಯಿತು ಅಂತ ಮಾತ್ರ ನಾವು ಕೇಳುವುದಿಲ್ಲ.

ನಾನೂ ಕೇಳಿರಲಿಲ್ಲ. 1999ರ ಮೇ ತಿಂಗಳು. ಕಾರಟಗಿಯಲ್ಲಿ ಅಕ್ಕಿ ಲೋಡ್ ಮಾಡಿಕೊಂಡು ಸೊಲ್ಲಾಪುರಕ್ಕೆ ಹೊರಟಿದ್ದೆ. ರಾತ್ರಿ ಕುಷ್ಟಗಿಯಲ್ಲಿ ಊಟ ಮಾಡಿ, ಇಲಕಲ್ ಕಡೆ ಹೊರಟೆ. ಅದು ಆಗ 13ನೇ ನಂಬರಿನ ಹೈವೇ, ಈಗಿನ 50. ಹಗಲಿನ ಬಿಸಿಲು ರಸ್ತೆಯಿಂದ ಇನ್ನೂ ಮೇಲಕ್ಕೆ ಬರುತ್ತಿತ್ತು. ಒಂದು ಕಡೆ ಹೀಟ್ ಮೀಟರಿನ ಮುಳ್ಳು ಸ್ವಲ್ಪ ಮೇಲೆ ಹೋಗಿ, ಆಮೇಲೆ ತಾನೇ ಕೆಳಗೆ ಇಳಿಯಿತು. ರಾತ್ರಿಯ ತಂಪಿಗೆ ಎಂಜಿನ್ ತಣ್ಣಗಾಯಿತು ಅಂದುಕೊಂಡು ನಿಶ್ಚಿಂತೆಯಿಂದ ತುಳಿದೆ. ಹತ್ತು ನಿಮಿಷಕ್ಕೆ ಕ್ಯಾಬಿನ್ನಿನಲ್ಲಿ ಸುಟ್ಟ ಬಣ್ಣದಂಥ ವಾಸನೆ. ಆಯಿಲ್ ಪ್ರೆಶರಿನ ಮುಳ್ಳು ನೋಡುತ್ತಿದ್ದಂತೆ ಮಲಗಿತು. ಕೆಳಗೆ ಸುತ್ತಿಗೆಯಲ್ಲಿ ಬಡಿದಂತೆ ಟಕಟಕ ಸದ್ದು. ಬಂದ್ ಮಾಡಿದೆ. ಮತ್ತೆ ಎಂಜಿನ್ ತಿರುಗಲಿಲ್ಲ.

ರೇಡಿಯೇಟರಿನ ಕೆಳಗಿನ ಹೋಸ್ ಪೈಪ್ ಸೀಳಿ ನೀರೆಲ್ಲ ರಸ್ತೆಗೆ ಹೋಗಿತ್ತು. ನೀರಿನ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ, ತಮ್ಮಾ. ನೀರು ಖಾಲಿಯಾಗಿ ಅದರ ತುದಿಗೆ ಬರೀ ಗಾಳಿ ತಾಗುತ್ತಿದ್ದರೆ, ಎಂಜಿನ್ ಕಾದು ಕೆಂಡವಾದರೂ ಮುಳ್ಳು ಕೆಳಗೆ ಬೀಳಬಹುದು. ನನಗೆ ಆದದ್ದು ಅದೇ. ಎಣ್ಣೆಗೆ ಒಂದು ಮುಳ್ಳು ಇದ್ದಿದ್ದರೆ, ಅದು ಒಂದೇ ಸಮನೆ ಮೇಲಕ್ಕೇ ಹೋಗುತ್ತಿತ್ತು. ಒಂದು ಇಳಿಯುತ್ತಿದೆ, ಇನ್ನೊಂದು ಏರುತ್ತಿದೆ ಅಂದರೆ ಎಂಥ ನಿದ್ದೆಗಣ್ಣಿನ ಡ್ರೈವರನೂ ಗಾಡಿ ಪಕ್ಕಕ್ಕೆ ಹಾಕುತ್ತಿದ್ದ.

ಎಂಜಿನ್ನಿನ ಕೆಳಗಿನ ಎಣ್ಣೆ ಚೇಂಬರ್ ಬಿಚ್ಚಿದಾಗ ತೆಗೆದ ಒಂದು ಬೇರಿಂಗ್ ಶೆಲ್ ಇನ್ನೂ ನನ್ನ ಪಾನಾ ಪೆಟ್ಟಿಗೆಯಲ್ಲಿದೆ. ಬಳೆಯ ಅರ್ಧ ತುಂಡಿನಂಥದ್ದು. ಹೊಸತಿದ್ದಾಗ ಒಳಮೈ ಬೂದು ಬೆಳ್ಳಿಯಂತೆ ನುಣ್ಣಗೆ ಇರುತ್ತದೆ. ಇದರಲ್ಲಿ ಆ ಬೆಳ್ಳಿಯ ಪದರ ಒರೆಸಿ ತೆಗೆದಂತೆ ಹೋಗಿ, ಕೆಳಗಿನ ತಾಮ್ರ ಕಾಣುತ್ತದೆ, ಒಂದು ಅಂಚು ಕರಗಿ ಮಡಚಿಕೊಂಡಿದೆ. ಕ್ರ್ಯಾಂಕಿನ ಮೈ ನೀಲಿ ತಿರುಗಿತ್ತು. ಗಾಡಿ ಒಂದು ತಿಂಗಳು ಮಲಗಿತು, ಫೈನಾನ್ಸಿನ ಕಂತು ಮಲಗಲಿಲ್ಲ. ಈಗ ನನ್ನ ಗ್ಯಾರೇಜಿಗೆ ಬರುವ ಹುಡುಗರ ಕೈಗೆ ನಾನು ಮೊದಲು ಕೊಡುವುದು ಆ ಶೆಲ್ಲನ್ನೇ. ಬೆರಳಿನಿಂದ ಸವರಿ ನೋಡಿದರೆ ಸಾಕು, ಬಿಸಿಯಾದ ಎಣ್ಣೆ ಏನು ಮಾಡುತ್ತದೆ ಅನ್ನುವುದಕ್ಕೆ ಬೇರೆ ಪಾಠ ಬೇಡ.

ಈಗ ಎಣ್ಣೆಯ ಲೆಕ್ಕ ಕೇಳು. ನೀನು ಹಾಕಿಸುವ 15ಡಬ್ಲ್ಯು-40 ಎಣ್ಣೆ 40 ಡಿಗ್ರಿಯಲ್ಲಿ, ಅಂದರೆ ನಮ್ಮ ಮೇ ತಿಂಗಳ ಮಧ್ಯಾಹ್ನದ ಬಿಸಿಯಲ್ಲಿ, ಎಷ್ಟು ಮಂದ ಇರುತ್ತದೋ 100 ಡಿಗ್ರಿಗೆ ಬರುವಷ್ಟರಲ್ಲಿ ಅದರ ಏಳೆಂಟರಲ್ಲಿ ಒಂದು ಪಾಲಿಗೆ ತೆಳುವಾಗುತ್ತದೆ. ಎಂಜಿನ್ ಕಟ್ಟಿದವರು ಆ ತೆಳುವಿಗೆ ಲೆಕ್ಕ ಹಾಕಿಯೇ ಬೇರಿಂಗಿನ ಸಂದು ಬಿಟ್ಟಿರುತ್ತಾರೆ. 130 ದಾಟಿತು ಅಂದರೆ ಆ ಲೆಕ್ಕ ತಪ್ಪುತ್ತದೆ; ಲೋಹ ಲೋಹಕ್ಕೆ ತಾಗದಂತೆ ನಡುವೆ ನಿಂತ ಎಣ್ಣೆಯ ಪದರ ಹರಿದುಹೋಗಬಹುದು. ಇನ್ನೊಂದು, ಎಣ್ಣೆ ಬಿಸಿಯಾದಷ್ಟೂ ಬೇಗ ಮುದಿಯಾಗುತ್ತದೆ. ಬಿಸಿ ಹತ್ತು ಡಿಗ್ರಿ ಹೆಚ್ಚಾದರೆ ಎಣ್ಣೆ ಕೆಡುವ ವೇಗ ಸುಮಾರು ಎರಡು ಪಟ್ಟಾಗುತ್ತದೆ ಅಂತ ಒಂದು ಅಂದಾಜು ಲೆಕ್ಕವಿದೆ. ಕಿಲೋಮೀಟರ್ ನೋಡಿ ಎಣ್ಣೆ ಬದಲಿಸುತ್ತೇವೆ ಸರಿ, ಆದರೆ ಅದೇ ಕಿಲೋಮೀಟರನ್ನು 100 ಡಿಗ್ರಿಯಲ್ಲಿ ಓಡಿದ ಗಾಡಿಯ ಎಣ್ಣೆಯೂ 120ರಲ್ಲಿ ಓಡಿದ ಗಾಡಿಯ ಎಣ್ಣೆಯೂ ಒಂದೇ ಅಲ್ಲ.

ನಮ್ಮ ಜಿಲ್ಲೆಯ ದಾರಿಗಳು ಸಪಾಟು, ಘಾಟ್ ಇಲ್ಲ, ಇಲ್ಲೇನು ಬಿಸಿಯಾಗುತ್ತದೆ ಅನ್ನುವವರಿದ್ದಾರೆ. ಅವರು ಹೊಟ್ಟಿನ ಹಂಗಾಮು ಮರೆತು ಮಾತಾಡುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಬುಡದಲ್ಲಿ ಭತ್ತ ಕಟಾವಿಗೆ ಬಂದಾಗ ಗಂಗಾವತಿ, ಕಾರಟಗಿ, ಸಿದ್ದಾಪುರದ ಗಾಳಿಯೇ ಮಬ್ಬಾಗಿರುತ್ತದೆ. ಗದ್ದೆಯಲ್ಲಿ ಕಟಾವು ಮಷಿನ್ನಿನ ಧೂಳು, ಮಿಲ್ಲಿನಲ್ಲಿ ಹೊಟ್ಟಿನ ಧೂಳು. ಲೋಡಿಗೆ ಪಾಳಿ ನಿಂತ ಗಾಡಿಯ ಫ್ಯಾನು ಅದನ್ನೆಲ್ಲ ಎಳೆದು ರೇಡಿಯೇಟರಿಗೆ ತುಂಬುತ್ತದೆ.

ಹೋದ ವರ್ಷ ನಮ್ಮ ಓಣಿಯ ಹುಡುಗನೊಬ್ಬನ ಗಾಡಿಗೆ ನಾನೇ ನಿಂತು ಆಯಿಲ್ ಮೀಟರ್ ಹಾಕಿಸಿದ್ದೆ. ಒಂದು ನೋಟ್‌ಬುಕ್ ಕೊಟ್ಟು, ಕೊಪ್ಪಳದಿಂದ ಗದಗಿಗೆ ಲೋಡ್ ಹೋದಾಗೆಲ್ಲ ಒಂದೇ ಜಾಗದಲ್ಲಿ, ಒಂದೇ ಗೇರಿನಲ್ಲಿ ಎಷ್ಟು ತೋರಿಸಿತು ಅಂತ ಬರೆಯಲು ಹೇಳಿದ್ದೆ. ಮೊದಲ ವಾರ 102. ಮುಂದಿನ ವಾರ 106. ಮೂರನೇ ವಾರ 112. ನೀರಿನ ಮುಳ್ಳು ಮಾತ್ರ ಇದ್ದಲ್ಲೇ ಇತ್ತು. ಅದು ಇರುತ್ತದೆ, ಥರ್ಮೋಸ್ಟಾಟ್ ಇನ್ನಷ್ಟು ಬಾಯಿ ತೆರೆದು ತೆರೆದು ನೀರನ್ನು ಹೇಗೋ ಹದದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಪೂರ್ತಿ ಬಾಯಿ ತೆರೆದ ಮೇಲೆ ಅದರ ಕೈಯಲ್ಲಿ ಇನ್ನೇನೂ ಉಳಿಯುವುದಿಲ್ಲ, ಆಗ ನೀರೂ ಕುದಿಯುತ್ತದೆ. ಆ ಸಂಕಟ ಬರುವ ಮೊದಲೇ ಎಣ್ಣೆ ಹೇಳಿತ್ತು. ಬಿಚ್ಚಿ ನೋಡಿದರೆ ಇಂಟರ್‌ಕೂಲರಿಗೂ ರೇಡಿಯೇಟರಿಗೂ ನಡುವಿನ ಸಂದಿನಲ್ಲಿ ಹೊಟ್ಟು, ಧೂಳು, ಎಣ್ಣೆಯ ಜಿಡ್ಡು ಕೂಡಿ ಕಂಬಳಿಯ ತುಂಡಿನಂತೆ ಕೂತಿತ್ತು. ಮುಂದಿನಿಂದ ನೋಡಿದರೆ ಏನೂ ಕಾಣದು. ಫ್ಯಾನಿನ ಕಡೆಯಿಂದ ಮುಂದಕ್ಕೆ ಗಾಳಿ ಹೊಡೆಸಿ ತೆಗೆದೆವು. ಸರ್ವಿಸ್ ಸ್ಟೇಷನ್ನಿನ ನೀರಿನ ಗನ್ ಹತ್ತಿರ ಹಿಡಿಯಬೇಡ, ರೆಕ್ಕೆಗಳೆಲ್ಲ ಮಲಗಿ ಗಾಳಿಯ ದಾರಿ ಕಾಯಂ ಮುಚ್ಚುತ್ತದೆ. ಮರುದಿನ ಅದೇ ಜಾಗದಲ್ಲಿ 101 ತೋರಿಸಿತು. ಒಂದು ಪೈಸೆಯ ಸಾಮಾನು ಬದಲಿಸಲಿಲ್ಲ.

ನಿನ್ನ ಯಲಬುರ್ಗಾ ಕಡೆಯದು ಇನ್ನೊಂದು ತರಹದ ರೋಗ: ಸವಳು ನೀರು. ಕುಕನೂರು, ಬೇವೂರು, ಆ ಕಡೆ ಹನುಮಸಾಗರ, ತಾವರಗೇರಾ, ಎಲ್ಲಿ ನಿಲ್ಲಿಸಿದರೂ ಬೋರ್‌ವೆಲ್ ನೀರೇ ಕೈಗೆ ಸಿಗುವುದು. ರೇಡಿಯೇಟರಿಗೆ ಕೊಡಪಾನದಲ್ಲಿ ಅದನ್ನೇ ಸುರಿಯುತ್ತೇವೆ. ನಿಮ್ಮ ಮನೆಯ ಬಚ್ಚಲ ಹಂಡೆಯ ಒಳಗೆ ಬಿಳಿ ಹಕ್ಕಳೆ ಕಟ್ಟಿರುವುದನ್ನು ನೋಡಿದ್ದೀಯಲ್ಲ? ಎಂಜಿನ್ನಿನೊಳಗೂ ಅದೇ ಕಟ್ಟುತ್ತದೆ. ಎಣ್ಣೆ ತಂಪು ಮಾಡುವ ಆಯಿಲ್ ಕೂಲರ್ ಇರುತ್ತದಲ್ಲ, ತೆಳು ತಗಡಿನ ಪದರಗಳು. ಒಳಗೆ ಎಣ್ಣೆ, ಹೊರಗೆ ನೀರು. ಆ ತಗಡಿನ ಮೇಲೆ ಕಾಗದದಷ್ಟು ದಪ್ಪ ಹಕ್ಕಳೆ ಕೂತರೂ ಎಣ್ಣೆಯ ಬಿಸಿ ನೀರಿಗೆ ಸರಿಯಾಗಿ ದಾಟುವುದಿಲ್ಲ. ಆಗ ವಿಚಿತ್ರ ಸ್ಥಿತಿ ಬರುತ್ತದೆ: ಎಣ್ಣೆ ತನ್ನ ಬಿಸಿ ಕೊಡದೇ ಇರುವುದರಿಂದ ನೀರು ಇನ್ನೂ ಆರಾಮಾಗಿರುತ್ತದೆ, ಹೀಟ್ ಮೀಟರ್ 82 ತೋರಿಸುತ್ತಾ ಕೂರುತ್ತದೆ, ಒಳಗೆ ಎಣ್ಣೆ ಬೇಯುತ್ತಿರುತ್ತದೆ. ನಾನು ಬಿಚ್ಚಿದ ಒಂದು ಕೂಲರಿನಲ್ಲಿ ಉಗುರು ಹಾಕಿ ಕೆರೆದರೆ ಸುಣ್ಣದ ಪುಡಿಯಂತೆ ಉದುರಿತು. ಅದಕ್ಕೇ ಹೇಳುತ್ತೇನೆ, ಕಂಪನಿ ಹೇಳಿದ ಕೂಲಂಟ್ ಹಾಕು, ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸು, ಐದು ಲೀಟರಿನ ಒಂದು ಕ್ಯಾನ್ ಸೀಟಿನ ಹಿಂದೆ ಇಟ್ಟುಕೋ. ದಾರಿಯಲ್ಲಿ ಆಪತ್ತಿಗೆ ಸವಳು ನೀರು ಹಾಕಿದೆಯೋ, ಊರಿಗೆ ಬಂದ ದಿನವೇ ಇಳಿಸಿಬಿಡು.

ಮೂರನೆಯದು ಗಾಳಿ. ಕುಷ್ಟಗಿ, ಯಲಬುರ್ಗಾ, ಗದಗದ ಕಡೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಪಡುವಣ ಗಾಳಿ ಎದುರಿಗೆ ಬಂದಾಗ 67ನೇ ಹೈವೇಯಲ್ಲಿ ಕೊಪ್ಪಳದಿಂದ ಗದಗಿನ ಕಡೆ ಎತ್ತರದ ಲೋಡ್ ಹೊತ್ತು ಹೋಗಿ ನೋಡು. ಹೊಟ್ಟಿನ ಲೋಡಾದರೆ ತೂಕ ಕಡಿಮೆ, ಆದರೆ ತಾಡಪತ್ರಿ ಗೋಡೆಯಂತೆ ಗಾಳಿಗೆ ಎದೆಕೊಟ್ಟು ನಿಲ್ಲುತ್ತದೆ. ಸಪಾಟು ರಸ್ತೆಯಲ್ಲಿ ಘಾಟ್ ಹತ್ತಿದಷ್ಟು ಎಂಜಿನ್ ದುಡಿಯುತ್ತದೆ. ಎಣ್ಣೆಯ ಮುಳ್ಳು ನೋಡಿದರೇನೇ ಅದು ತಿಳಿಯುವುದು.

ಇನ್ನು ಲೋಡಿನ ಮಾತು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಹತ್ತು ಗಾಲಿ ಗಾಡಿಯ ಒಟ್ಟು ತೂಕದ ಮಿತಿಯನ್ನು 25 ಟನ್ನಿನಿಂದ 28.5 ಟನ್ನಿಗೆ ಏರಿಸಿತು. ಅದನ್ನು ಕೇಳಿ ಹಳೆಯ ಗಾಡಿಗೂ ಅಷ್ಟೇ ಹೇರುವವರನ್ನು ನೋಡಿದ್ದೇನೆ. ಮಿತಿ ಏರಿದ್ದು ಕಾಗದದಲ್ಲಿ, ನಿನ್ನ ಎಂಜಿನ್ ಅದೇ, ರೇಡಿಯೇಟರ್ ಅದೇ, ಬ್ರೇಕೂ ಅದೇ. ಆರ್‌ಸಿಯಲ್ಲಿ ಬರೆದಷ್ಟೇ ಹೇರು. ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದು ಅಂಕೋಲೆ ಕಡೆ ಹೋದರೆ, ವಾಪಸ್ ಲೋಡ್ ಸಿಕ್ಕಿತು ಅಂತ ಮಿತಿ ಮೀರಿ ತುಂಬಿಕೊಂಡು ಅದೇ ಘಾಟ್ ಹತ್ತಬೇಡ. ಎಂಜಿನ್ನಿನ ಅರ್ಧ ಆಯುಷ್ಯ ಆ ಒಂದು ತಾಸಿನಲ್ಲಿ ಹೋಗುತ್ತದೆ.

ಈಗ ಮೀಟರ್ ಕೊಳ್ಳುವ ಮಾತಿಗೆ ಬರೋಣ. ನಿನ್ನ ಗಾಡಿಯದು 24 ವೋಲ್ಟಿನ ವೈರಿಂಗ್. ಕಾರು, ಪಿಕಪ್ಪಿನದು 12. ಅಂಗಡಿಯಲ್ಲಿ ಚಂದ ಕಂಡ 12ರದ್ದನ್ನು ತಂದು ಕೂರಿಸಿದರೆ ಸುಡುತ್ತದೆ, ಇಲ್ಲವೇ ಸುಳ್ಳು ಹೇಳುತ್ತದೆ. ಡಯಲ್ಲಿನ ಮೇಲೆ 50ರಿಂದ 150 ಡಿಗ್ರಿ ಬರೆದಿರಬೇಕು. ನೀರಿನದ್ದು 120ಕ್ಕೇ ಮುಗಿದಿರುತ್ತದೆ, ಎಣ್ಣೆಗೆ ಅದು ಸಾಲದು. ಮೀಟರ್ ಮತ್ತು ಸೆನ್ಸರ್ ಒಂದೇ ಜೋಡಿ ಇರಲಿ. ಸೆನ್ಸರಿನೊಳಗೆ ಬಿಸಿಯಾದಷ್ಟೂ ಕರೆಂಟಿಗೆ ತಡೆ ಕಡಿಮೆ ಮಾಡುವ ಒಂದು ಪುಟ್ಟ ಗುಂಡು ಇರುತ್ತದೆ. ಮೀಟರ್ ಆ ತಡೆಯನ್ನು ಅಳೆದು ಡಿಗ್ರಿಯಾಗಿ ತೋರಿಸುತ್ತದೆ. ಒಂದು ಕಂಪನಿಯ ಸೆನ್ಸರಿಗೆ ಇನ್ನೊಂದರ ಮೀಟರ್ ಕಟ್ಟಿದರೆ, ಕನ್ನಡದವನ ಮಾತಿಗೆ ಕನ್ನಡ ತಿಳಿಯದವನು ಅರ್ಥ ಹೇಳಿದಂತಾಗುತ್ತದೆ.

ತಂದ ಮೇಲೆ ಗಾಡಿಗೆ ಕೂರಿಸುವ ಮೊದಲು ಮನೆಯಲ್ಲೇ ಪರೀಕ್ಷೆ ಮಾಡು. ಮೀಟರಿಗೆ ಬ್ಯಾಟರಿಯಿಂದ ಕರೆಂಟ್ ಕೊಟ್ಟು, ಸೆನ್ಸರಿನ ತುದಿಯನ್ನು ಕುದಿಯುವ ನೀರಿನ ಪಾತ್ರೆಯಲ್ಲಿ ತಳ ಮುಟ್ಟದಂತೆ ಇಳಿಬಿಡು. ಕೊಪ್ಪಳ ಸಮುದ್ರಕ್ಕಿಂತ ಐನೂರು ಮೀಟರಿಗೂ ಎತ್ತರದಲ್ಲಿದೆ, ನಮ್ಮಲ್ಲಿ ನೀರು ಕುದಿಯುವುದು 98 ಡಿಗ್ರಿಯ ಸುಮಾರಿಗೆ. ಮುಳ್ಳು ಅಲ್ಲಿಗೆ ಒಂದೆರಡು ಡಿಗ್ರಿ ಆಚೀಚೆ ನಿಂತರೆ ಮೀಟರ್ ಪ್ರಾಮಾಣಿಕ. 85 ತೋರಿಸಿದರೆ ಅಂಗಡಿಗೆ ವಾಪಸ್ ಕೊಡು.

ಎಲ್ಲಿ ಕೂರಿಸಬೇಕು ಅನ್ನುವಲ್ಲಿಯೇ ಬಹಳ ಮಂದಿ ತಪ್ಪುವುದು. ಅವಸರದ ಮೆಕ್ಯಾನಿಕ್ ಮಾಡುವ ಸುಲಭದ ಕೆಲಸ ಒಂದಿದೆ: ಆಯಿಲ್ ಪ್ರೆಶರಿನ ಸೆನ್ಸರ್ ಬಿಚ್ಚಿ, ಅಲ್ಲಿ ಹಿತ್ತಾಳೆಯ ಟಿ ಕೂರಿಸಿ, ಒಂದು ಕವಲಿಗೆ ಪ್ರೆಶರಿನದು, ಇನ್ನೊಂದಕ್ಕೆ ಟೆಂಪರೇಚರಿನದು. ಹಾಗೆ ಮಾಡಲು ಬಿಡಬೇಡ. ಆ ಕವಲಿನಲ್ಲಿ ಎಣ್ಣೆ ಹರಿಯುವುದಿಲ್ಲ, ನಿಂತಿರುತ್ತದೆ. ಒಳಗೆ 120 ಇದ್ದರೆ ಅಲ್ಲಿ ಎಷ್ಟೋ ಕಡಿಮೆ ಕಾಣುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಡೀಸೆಲ್ ಎಂಜಿನ್ನಿನ ನಡುಕಕ್ಕೆ ಎರಡು ಸೆನ್ಸರಿನ ಭಾರ ಹೊತ್ತ ಹಿತ್ತಾಳೆ ಒಂದು ದಿನ ಕುತ್ತಿಗೆಯಲ್ಲಿ ಮುರಿಯುತ್ತದೆ. ಪ್ರೆಶರಿನಲ್ಲಿದ್ದ ಬಿಸಿ ಎಣ್ಣೆ ಹೊರಗೆ ಚಿಮ್ಮುತ್ತದೆ. ಹತ್ತಿರ ಟರ್ಬೊ ಇದ್ದರೆ ಬೆಂಕಿ, ಇಲ್ಲದಿದ್ದರೆ ಎಣ್ಣೆ ಖಾಲಿಯಾಗಿ ಎಂಜಿನ್ ಸೀಜ್. ಎಂಜಿನ್ ಉಳಿಸಲು ಹಾಕಿದ ಸಾಮಾನೇ ಎಂಜಿನ್ ತೆಗೆದಂತಾಯಿತು.

ಚೇಂಬರಿನ ಡ್ರೈನ್ ಬೋಲ್ಟಿನ ಜಾಗದಲ್ಲಿ ಕೂರಿಸುವವರೂ ಇದ್ದಾರೆ. ಅಂಕಿ ಸರಿಯಾಗಿಯೇ ಬರುತ್ತದೆ, ಕೂಲರಿಗೆ ಹೋಗುವ ಮೊದಲಿನ ಎಣ್ಣೆಯ ಪೂರ್ತಿ ಬಿಸಿ. ಆದರೆ ನೀನು ಕಾಲುವೆಯ ಏರಿ ಮೇಲೆ, ಗದ್ದೆಯ ಬದುವಿನ ದಾರಿಯಲ್ಲಿ ಗಾಡಿ ಇಳಿಸುವವನು. ಕೆಳಗೆ ಜೋತುಬಿದ್ದ ಸೆನ್ಸರಿಗೆ ಒಂದು ಕಲ್ಲು ತಾಗಿದರೆ ಸಾಕು. ಹಾಕಲೇಬೇಕಾದರೆ ಚೇಂಬರಿನ ಪಕ್ಕದ ಗೋಡೆಯಲ್ಲಿ ಕಂಪನಿಯೇ ಬಿಟ್ಟ ಪ್ಲಗ್ ಇದೆಯಾ ನೋಡಿಸು.

ನನ್ನ ಮಾತು ಕೇಳುವುದಾದರೆ, ಫಿಲ್ಟರ್ ಹೆಡ್ಡಿನಲ್ಲೋ ಬ್ಲಾಕಿನ ಮುಖ್ಯ ಗ್ಯಾಲರಿಯ ಮೇಲೋ ಕೂರಿಸು. ಬಹಳ ಎಂಜಿನ್ನುಗಳಲ್ಲಿ ಕಂಪನಿಯವರೇ ಕೊರೆದು ಪ್ಲಗ್ ಹಾಕಿ ಮುಚ್ಚಿದ ತೂತುಗಳು ಅಲ್ಲಿರುತ್ತವೆ. ಬೇರಿಂಗಿಗೆ ಹೋಗುವ ಎಣ್ಣೆಯ ಬಿಸಿ ಅಲ್ಲಿ ಸಿಗುತ್ತದೆ, ನಮಗೆ ಬೇಕಾದದ್ದೂ ಅದೇ. ಪ್ಲಗ್ಗಿನ ಎಳೆಗೂ ಸೆನ್ಸರಿನ ಎಳೆಗೂ ಹೊಂದದಿದ್ದರೆ ಲೇತಿನಲ್ಲಿ ಉಕ್ಕಿನ ಅಡಾಪ್ಟರ್ ಮಾಡಿಸು, ಹಿತ್ತಾಳೆಯದು ಬೇಡ. ಹೊಸ ತಾಮ್ರದ ವಾಷರ್ ಹಾಕು. ಟೆಫ್ಲಾನ್ ಟೇಪ್ ಸುತ್ತಬೇಡ: ಒಂಟಿ ವೈರಿನ ಸೆನ್ಸರ್ ತನ್ನ ಮೈಯಿಂದಲೇ ಅರ್ತ್ ತೆಗೆದುಕೊಳ್ಳುತ್ತದೆ, ಟೇಪ್ ಅದನ್ನು ಕೆಡಿಸುತ್ತದೆ, ಹರಿದ ಚೂರು ಎಣ್ಣೆಯ ದಾರಿಗೆ ಹೋದರೆ ಇನ್ನೂ ಕೇಡು. ವೈರನ್ನು ಸೈಲೆನ್ಸರ್ ಪೈಪಿನಿಂದ ದೂರ ಒಯ್ದು, ಬಿಸಿ ತಡೆಯುವ ಸ್ಲೀವ್ ಹಾಕಿ, ಗೇಣು ಗೇಣಿಗೆ ಕಟ್ಟು. ಚಾವಿಯ ನಂತರದ ಲೈನಿನಿಂದ ಕರೆಂಟ್ ತೆಗೆದು ನಡುವೆ ಸಣ್ಣ ಫ್ಯೂಸ್ ಹಾಕಿಸು. ಡ್ಯಾಶ್‌ಬೋರ್ಡಿನಲ್ಲಿ ಮೀಟರ್ ನೀರಿನ ಮುಳ್ಳಿನ ಪಕ್ಕದಲ್ಲೇ ಇರಲಿ. ದೇವರ ಫೋಟೋದ ಹಿಂದೆ, ಹೂವಿನ ಹಾರದ ಮರೆಯಲ್ಲಿ ಕೂರಿಸಿದ್ದನ್ನು ನೋಡಿದ್ದೇನೆ. ಕಣ್ಣಿಗೆ ಬೀಳದ ಮುಳ್ಳು ಯಾರಿಗೆ ಹೇಳಬೇಕು?

ಗಾಡಿ ಬಿಎಸ್-6 ಆಗಿದ್ದರೆ, ಅಂದರೆ 2020ರ ಏಪ್ರಿಲ್ ನಂತರದ್ದಾದರೆ, ಈ ವೈರಿಂಗ್‌ಗೆ ಕೈ ಹಾಕಬೇಡ. ಅದರ ಎಂಜಿನ್ ಕಂಪ್ಯೂಟರಿಗೆ ಬಹಳಷ್ಟು ಲೆಕ್ಕ ಗೊತ್ತಿರುತ್ತದೆ, ಶೋರೂಮಿನವರನ್ನು ಕೇಳಿ ಸ್ಕ್ಯಾನರಿನಲ್ಲಿ ಓದಿಸಬಹುದು. ವೈರ್ ಕತ್ತರಿಸಿದರೆ ವಾರಂಟಿಗೂ ಕುತ್ತು. ನಿನ್ನದು ಹಳೆಯ ಗಾಡಿ, ಅದಕ್ಕೆ ಮೀಟರೇ ದಾರಿ.

ಮೀಟರ್ ಕೂತಿತು ಅಂದುಕೋ. ಮೊದಲ ವಾರ ಅದನ್ನು ಸುಮ್ಮನೆ ನೋಡು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ನೀರು ಬೇಗ 80ಕ್ಕೆ ಬರುತ್ತದೆ, ಎಣ್ಣೆ ಅದರ ಎರಡರಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ನೀರಿನ ಮುಳ್ಳು ಬಂತು ಅಂತ ಲೋಡ್ ಗಾಡಿಯನ್ನು ಪೂರ್ತಿ ತುಳಿಯಬೇಡ, ಎಣ್ಣೆ 60 ದಾಟಲಿ. ಹೈವೇಯಲ್ಲಿ ಲೋಡಿನ ಮೇಲೆ 90ರಿಂದ 110 ಇದ್ದರೆ ಚಿಂತೆಯಿಲ್ಲ. ಏರಿನಲ್ಲಿ 115ರ ಆಸುಪಾಸು ಹೋಗಿ ಸಪಾಟಿಗೆ ಬಂದ ಮೇಲೆ ಇಳಿಯಬೇಕು. 120 ಆದರೆ ಕಾಲು ಹಗುರ ಮಾಡಿ ಒಂದು ಗೇರ್ ಕೆಳಗೆ ಹಾಕು. ದೊಡ್ಡ ಗೇರಿನಲ್ಲಿ ಎಂಜಿನ್ ಏದುಸಿರು ಬಿಡುವಂತೆ ಎಳೆಸುವುದೇ ಬಿಸಿಯ ಮೂಲ. ಕೆಳಗಿನ ಗೇರಿನಲ್ಲಿ ಫ್ಯಾನೂ ವಾಟರ್ ಪಂಪೂ ಜೋರಾಗಿ ತಿರುಗುತ್ತವೆ. 130ರ ಹತ್ತಿರ ಬಂತು, ಇಳಿಯುವ ಲಕ್ಷಣವಿಲ್ಲ ಅಂದರೆ ಪಕ್ಕಕ್ಕೆ ಹಾಕು. ಪ್ರೆಶರ್ ಸರಿ ಇದ್ದು ನೀರೂ ಇದ್ದರೆ ಕೂಡಲೇ ಬಂದ್ ಮಾಡದೆ ನಾಲ್ಕೈದು ನಿಮಿಷ ನ್ಯೂಟ್ರಲ್ಲಿನಲ್ಲಿ ಬಿಡು, ಟರ್ಬೊದೊಳಗಿನ ಎಣ್ಣೆ ಸುಟ್ಟು ಕರಿಕಟ್ಟುವುದಿಲ್ಲ. ಪ್ರೆಶರ್ ಬಿದ್ದಿದ್ದರೆ ಮಾತ್ರ ಒಂದು ಕ್ಷಣವೂ ಕಾಯದೆ ಬಂದ್ ಮಾಡು. ಈ ಅಂಕಿಗಳು ನನ್ನ ಅನುಭವದವು; ನಿನ್ನ ಎಂಜಿನ್ನಿನ ಪುಸ್ತಕದಲ್ಲಿ ಬೇರೆ ಬರೆದಿದ್ದರೆ ಪುಸ್ತಕದ ಮಾತೇ ಮಾತು. ಗೆಳೆಯನ ಗಾಡಿ 98 ತೋರಿಸುತ್ತದೆ, ನನ್ನದು 108 ಅಂತ ಹೋಲಿಸಿ ಗಾಬರಿಯಾಗಬೇಡ, ಸೆನ್ಸರ್ ಕೂತ ಜಾಗದ ಮೇಲೆ ಅಂಕಿ ಬದಲಾಗುತ್ತದೆ. ನಿನ್ನ ಗಾಡಿಯ ಇವತ್ತಿನ ಅಂಕಿಯನ್ನು ಅದರದೇ ಹೋದ ತಿಂಗಳ ಅಂಕಿಗೆ ಹೋಲಿಸು.

ಮುಳ್ಳೂ ಕೆಡುತ್ತದೆ, ಅದನ್ನೂ ಗುರುತಿಸಲು ಕಲಿ. ಒಂದು ತಾಸು ಓಡಿದ ಮೇಲೂ ಮುಳ್ಳು ತಳದಲ್ಲೇ ಇದ್ದರೆ ವೈರ್ ಎಲ್ಲೋ ಕಡಿದಿದೆ. ತಣ್ಣಗಿನ ಎಂಜಿನ್ನಿಗೆ ಚಾವಿ ತಿರುಗಿಸಿದೊಡನೆ ಮುಳ್ಳು ತುದಿಗೆ ಹಾರಿದರೆ ವೈರ್ ಸುಲಿದು ಗಾಡಿಯ ಮೈಗೆ ತಾಗುತ್ತಿದೆ. ಎಣ್ಣೆ ಅಷ್ಟು ಬೇಗ ಕಾಯುವುದಿಲ್ಲ.

ಇಷ್ಟೆಲ್ಲ ಯಾಕೆ ಬರೆದೆ ಗೊತ್ತಾ? 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದ ರಾತ್ರಿ ನೆನಪಿದೆಯಲ್ಲ? ಭತ್ತ ಹೋಯಿತೇನೋ ಅಂತ ರೈತ ಎಷ್ಟು ಕಂಗೆಟ್ಟನೋ ಗಾಡಿಯವನೂ ಅಷ್ಟೇ ಕಂಗೆಟ್ಟ. ಕಾಲುವೆಗೆ ನೀರಿಲ್ಲದಿದ್ದರೆ ಮಿಲ್ಲಿಗೆ ಭತ್ತವಿಲ್ಲ, ನಮಗೆ ಬಾಡಿಗೆಯಿಲ್ಲ. ಅಂಥ ಹಂಗಾಮಿನಲ್ಲಿ ಎಂಜಿನ್ ಬಿಚ್ಚಿದರೆ ಲಕ್ಷಗಟ್ಟಲೆ ಎಲ್ಲಿಂದ ತರುತ್ತೀ? ನಿನ್ನ ಅವ್ವನ ಬಂಗಾರ ಮೊದಲೇ ಬ್ಯಾಂಕಿನಲ್ಲಿದೆ ಅಂತ ನೀನೇ ಹೇಳಿದೆ. ಆ ಮಾತು ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ.

ಸೋಮವಾರ ಗಾಡಿ ಖಾಲಿ ಇದ್ದರೆ ಗ್ಯಾರೇಜಿಗೆ ತಾ. ಬರುವಾಗ ಮೀಟರಿನ ಡಬ್ಬಿ, ಅದರ ಜೊತೆ ಕೊಟ್ಟ ಕಾಗದ ಎರಡೂ ಇರಲಿ. ಸೆನ್ಸರಿನ ಎಳೆಯ ಅಳತೆ ಆ ಕಾಗದದಲ್ಲಿರುತ್ತದೆ. ಕೂರಿಸಿದ ಮೇಲೆ ಪ್ರತಿ ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡುತ್ತೀಯಲ್ಲ, ಕಾಯಿ ಒಡೆಯುವ ಮೊದಲು ಸೆನ್ಸರಿನ ಬುಡಕ್ಕೆ ಒಮ್ಮೆ ಬೆರಳು ಹಚ್ಚಿ ನೋಡು. ಬೆರಳಿಗೆ ಎಣ್ಣೆ ಹತ್ತಿದರೆ ಆ ದಿನ ಲೋಡ್ ಹಿಡಿಯಬೇಡ, ನನಗೆ ಫೋನ್ ಮಾಡು.